ಹಸಿ ಬಣ್ಣ

“ಸರೀರಿ, ಸರೀರಿ, ಮುಟ್ಬೇಡಿ, ಇನ್ನೂ ಹಸಿ ಇದೆ!”

ಹಳದಿ ಕುರ್ಚಿಯನ್ನು ಕಾಲು ಹಿಡಿದೆತ್ತಿಕೊಂಡು ಮಗಳು ಹಿತ್ತಲಿನಿಂದ ಒಳಗೆ ಬಂದಳು. ಮಕ್ಕಳಿಗೆಂದು ಅಂಗಡಿಯಲ್ಲಿ ಸಿಗುವ ಅಗ್ಗದ ಮರದ ಕುರ್ಚಿ. ಸೀಟಿನ ತುಂಬ ಕಿತ್ತಳೆ ಕೊಕ್ಕಿನ ನೀಲಿ ಬಾತುಕೋಳಿ.

“ಇವತ್ತೂ ಒಣಗಿಲ್ವೇನೇ?” ಎಂದಳು ಚಿಕ್ಕಮ್ಮ.

“ಅಕ್ಕಪಕ್ಕದ ಮಕ್ಳು ಉಗುರಲ್ಲಿ ಕೆರೆದ್ರೂ ಹೋಗ್ಬಾರ್ದು ಅಂತ ಅಮ್ಮ ದಪ್ಪಕ್ಕೆ ಬಳೀತಿದ್ಲಲ್ಲ. ನಿನ್ನೆ ಇದಕ್ಕೆ ಕಣ್ಣು ಬರೆದು, ಬ್ರಷ್ ತೊಳೆಯಕ್ಕೆ ಎದ್ದೋಳು ಅಲ್ಲೇ ಕುಸಿದ್ಲು.”

ಅಮ್ಮನನ್ನು ನಡುಮನೆಯಲ್ಲಿ, ತಲೆಯ ಬಳಿ ದೀಪವಿಟ್ಟು ಮಲಗಿಸಿದ್ದರು. ಕುರ್ಚಿ ಸಾಲದೆ ಬೀದಿಯವರು ತಂತಮ್ಮ ಮನೆಗಳಿಂದ ಹೊತ್ತು ತಂದಿದ್ದರು. ಅವುಗಳ ಜೊತೆ ಅಮ್ಮ ಚಿತ್ರ ಬರೆದುಕೊಟ್ಟ ಪುಟ್ಟ ಕುರ್ಚಿಗಳೂ ಬಂದಿದ್ದವು. ಎದುರುಮನೆ ದರ್ಜಿ ಆಮೆಯ ಚಿತ್ರದ ಪುಟ್ಟ ಸ್ಟೂಲಿನ ಮೇಲೆ, ಮಂಡಿ ಗದ್ದಕ್ಕೆ ತಾಗುವಂತೆ ಕೂತು ಅಳುತ್ತಿದ್ದ.

“ಕೈ ಕೊಡ್ರಪ್ಪಾ ಯಾರಾದ್ರೂ. ನಾನೆದ್ರೆ ಇದೂ ಜೊತೆಗೇ ಬರುತ್ತೆ.”

ಅಳುವಿನ ನಡುವೆಯೇ ನಾಲ್ಕು ಜನ ನಕ್ಕರು. ಬೀದಿಬಾಗಿಲಲ್ಲಿ ಬಂದವರನ್ನು ಮಾತಾಡಿಸಿ ಆಗಷ್ಟೇ ಒಳಗೆ ಬಂದು ಗೋಡೆಗೊರಗಿ ನಿಂತಿದ್ದ ಅಪ್ಪ ಗಂಟಲು ಸರಿಮಾಡಿಕೊಂಡ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಬಿಳಿ ಪ್ಯಾಂಟು.

“ಎಲ್ಲಾ ನಾನೇ ಹಚ್ಚಿಸಿದ ಹುಚ್ಚು. ಸುಮ್ನೆ ಕೂರಬೇಡ, ಬಣ್ಣ ಬಳಿ, ಮಕ್ಳು ಖುಷಿ ಪಡ್ತಾರೆ ಅಂತಿದ್ದೆ. ಇಲ್ದಿದ್ರೆ ಇವಳಿಗೆಲ್ಲಿ ಹೊಳೀಬೇಕು ಇದೆಲ್ಲ?”

“ಅದೃಷ್ಟವಂತೆ ಬಿಡಿ,” ಎಂದರು ಯಾರೋ. “ಇಂಥ ಗಂಡ ಎಲ್ರಿಗೂ ಸಿಕ್ತಾರಾ?”

ಮಗಳು ಕುರ್ಚಿಯನ್ನು ಕೆಳಗಿಳಿಸದೆ ಅಪ್ಪನ ಕಡೆ ತಿರುಗಿದಳು.

*

ಮಗಳಿಗೆ ಆಗ ಆರು ವರ್ಷ. ಅಂಗಡಿಯವರು ಬಳಿದ ನುಣುಪು ಬಿಳಿಯ ಮೇಲೆ ಬೇರೆ ಬಣ್ಣ ನಿಲ್ಲುವುದಿಲ್ಲವೆಂದು ಅಮ್ಮ ಮಧ್ಯಾಹ್ನವೆಲ್ಲ ಉಪ್ಪುಕಾಗದ ಉಜ್ಜಿ, ಅವಳ ಕುರ್ಚಿಗೆ ಮೊದಲ ಬಾತುಕೋಳಿ ಬರೆದಿದ್ದಳು. ಸಂಜೆ ಅಪ್ಪನ ಜೊತೆ ಬಂದ ಗೆಳೆಯನೊಬ್ಬ, “ಏನಯ್ಯಾ, ಮನೆಯೋ ಶಿಶುವಿಹಾರವೋ?” ಎಂದು ನಕ್ಕ.

ಅವನು ಅತ್ತ ಹೋದದ್ದೇ ತಡ, ಅಪ್ಪ ಬಾಗಿಲಿಗೆ ಬಳಿದು ಉಳಿದಿದ್ದ ಕಂದು ಬಣ್ಣದ ಡಬ್ಬಿ ತೆಗೆದ. ಮೊದಲು ಕಣ್ಣು ಮುಚ್ಚಿತು, ಆಮೇಲೆ ಕೊಕ್ಕು.

“ಮರ ಅಂದ್ರೆ ಮರದ ಥರ ಇರ್ಬೇಕು.”

ಅಮ್ಮ ಮತ್ತೆ ಉಜ್ಜಿದಳು, ಮತ್ತೆ ಬರೆದಳು. ಅವನು ಮತ್ತೆ ಬಳಿದ. ಹೀಗೇ ನಡೆದು ನಡೆದು, ಕುರ್ಚಿಯ ಕಾಲುಗಳು ಬಾತಂತೆ ದಪ್ಪಗಾದವು. ಕೊನೆಗೆ ಗೆದ್ದದ್ದು ಕಂದು. ಆಮೇಲೆ ಅಮ್ಮ ಬರೆದದ್ದೆಲ್ಲ ಬೇರೆಯವರ ಮನೆಯ ಮಕ್ಕಳಿಗೆ, ಹಿತ್ತಲಲ್ಲಿ, ಗಂಡ ಬರುವುದರೊಳಗೆ.

“ನೀನ್ಯಾಕೆ ಜಗಳ ಆಡಲ್ಲ ಅಮ್ಮಾ?”

“ಬಣ್ಣ ಹಸಿ ಇದ್ದಾಗ ಕೂಗಾಡಬಾರ್ದು ಕಣೇ, ಧೂಳೇಳುತ್ತೆ.”

*

“ಒಂದು ಕುರ್ಚಿ ತಾರಮ್ಮ,” ಎಂದ ಅಪ್ಪ. “ನಿಂತು ನಿಂತು ಕಾಲು ಸೋತ್ವು.”

ಕೂಗಿಬಿಡಬೇಕು, ಇಷ್ಟು ಜನರೆದುರು ಎಲ್ಲ ಹೇಳಿಬಿಡಬೇಕು ಎಂದು ಮಗಳಿಗೆ ಅನ್ನಿಸಿತು. ಅಮ್ಮ ಅಲ್ಲೇ ಮಲಗಿದ್ದಳು. ಮಗಳು ಬಾತುಕೋಳಿಯನ್ನು ನೋಡಿದಳು. ಅಮ್ಮ ಕೊನೆಯದಾಗಿ ಬರೆದ ಕಣ್ಣು ಪಳಪಳ ಹೊಳೆಯುತ್ತಿತ್ತು. ಕುರ್ಚಿಯನ್ನು ಅಪ್ಪನ ಹಿಂದೆ ಇಟ್ಟಳು.

“ಅಯ್ಯೋ, ಅದು...” ಎಂದ ಚಿಕ್ಕಮ್ಮ ಮಗಳ ಮುಖ ನೋಡಿ ಬಾಯಿ ಮುಚ್ಚಿಕೊಂಡಳು.

“ಕೂತ್ಕೋ ಅಪ್ಪ. ನೀನೇ ಹಚ್ಚಿಸಿದ ಹುಚ್ಚಲ್ವಾ?”

ಅವನು ಭಾರವೆಲ್ಲ ಬಿಟ್ಟು ಕೂತ. ವ್ಯಾನು ಬರುವವರೆಗೂ ಹೆಂಡತಿಗೆ ತಾನು ಕೊಟ್ಟ ಪ್ರೋತ್ಸಾಹದ ಕತೆ ಹೇಳುತ್ತಲೇ ಇದ್ದ. ಏಳುವಾಗ ಕುರ್ಚಿ ಒಂದು ಗಳಿಗೆ ಅವನ ಜೊತೆಗೇ ಎದ್ದು, ಆಮೇಲೆ ಬಿಟ್ಟುಕೊಂಡಿತು.

“ಥೂ, ಗುಬ್ಬಚ್ಚಿ ಕೂರೋ ಕುರ್ಚಿ,” ಎಂದ.

ಸೀಟಿನ ಮೇಲೆ ನೀಲಿಯೂ ಕಿತ್ತಳೆಯೂ ಕಲಸಿಹೋಗಿದ್ದವು. ಮಗಳು ಅದನ್ನು ಒಂದೇ ಸಲ ನೋಡಿ ಕಣ್ಣು ತೆಗೆದಳು.

ಅಮ್ಮನನ್ನು ಹೊತ್ತ ವ್ಯಾನು ನಿಧಾನವಾಗಿ ಹೊರಟಿತು. ಅಪ್ಪ ತಲೆಯೆತ್ತಿ ಎಲ್ಲರಿಗಿಂತ ಮುಂದೆ ನಡೆದ. ದರ್ಜಿ ಏನೋ ಹೇಳಹೊರಟ. ಚಿಕ್ಕಮ್ಮ ಅವನ ತೋಳು ಒತ್ತಿದಳು.

ಇಡೀ ಬೀದಿ ಹಿಂದಿನಿಂದ ನೋಡುತ್ತಿತ್ತು. ಬಿಳಿ ಪ್ಯಾಂಟಿನ ಹಿಂಬದಿಯಲ್ಲಿ ನೀಲಿ ಬಾತುಕೋಳಿ. ಒಂದೊಂದು ಹೆಜ್ಜೆಗೂ ಅದರ ಕಿತ್ತಳೆ ಕೊಕ್ಕು ತೆರೆದು, ಮುಚ್ಚಿ, ಮತ್ತೆ ತೆರೆಯುತ್ತಿತ್ತು.