ಮಂದಾಕಿನಿ ಬಿಚ್ಚಿದ ಲ್ಯಾಪ್‌ಟಾಪ್

ಆ ಭಾನುವಾರದ ಆನ್‌ಲೈನ್ ಕನ್ನಡ ಕ್ಲಾಸಿನಲ್ಲಿ ಮಾನ್ಯಾ ಕೊನೆಗೂ ಬಾಯಿ ತೆರೆದಿದ್ದಳು. ನಾಸಿಕ್‌ನಲ್ಲೇ ಹುಟ್ಟಿ ಬೆಳೆದ ಹುಡುಗಿ; ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮರಾಠಿಯಲ್ಲಿ ಉತ್ತರ ಕೊಟ್ಟೇ ರೂಢಿ. ಅಂಥವಳು "ನಾ ದೌಲತಾಬಾದ್ ಕಿಲ್ಲಾಕ್ಕ ಹೋಗಿದ್ದೆ" ಎಂದು ಶುರು ಮಾಡಿದಳೋ ಇಲ್ಲವೋ, ಕಲಿಸುತ್ತಿದ್ದ ಮಂದಾಕಿನಿಯ ಲ್ಯಾಪ್‌ಟಾಪ್ ನಿಂತುಬಿಟ್ಟಿತು. ಮಕ್ಕಳ ಮುಖಗಳು ಪರದೆಗೆ ಅಂಟಿಕೊಂಡವು. ಒತ್ತಿದ ಕೀಲಿಗೆ ಉತ್ತರವಿಲ್ಲ. ಅದಕ್ಕೆ ಮತ್ತೆ ಜೀವ ಬರುವಷ್ಟರಲ್ಲಿ ಅರ್ಧ ಮಕ್ಕಳು ಎದ್ದು ಹೋಗಿದ್ದರು, ಮಾನ್ಯಾ ಕ್ಯಾಮೆರಾ ಮುಚ್ಚಿಕೊಂಡಿದ್ದಳು.

ಸಂಜೆ ಮಾನ್ಯಾಳ ತಾಯಿ ಪ್ರಿಯಂವದಾ ಫೋನ್ ಮಾಡಿದಳು. ಕಲಬುರಗಿ ಕಡೆಯ ಮನೆತನ, ನೇರ ಮಾತು.

"ಮಂದಾಕಿನಿ ಅವ್ರೆ, ಹುಡುಗ್ರು ಬ್ಯಾಸರ ಮಾಡ್ಕೊಳ್ಳಾಕತ್ತಾರ್ರಿ. ಮುಂದಿನ ವಾರಾನೂ ಹಿಂಗ ಆತಂದ್ರ ಬಂದ್ ಮಾಡಿಬಿಡೂಣು ಅಂತ ಎಲ್ಲಾರೂ ಅನ್ನಾಕತ್ತಾರ."

ನಾಸಿಕ್‌ನಲ್ಲಿದ್ದಾಗ ಈ ಕ್ಲಾಸು ಮಂದಾಕಿನಿಯ ಮನೆಯಲ್ಲೇ ನಡೆಯುತ್ತಿತ್ತು. ಮಕ್ಕಳು ಚಾಪೆಯ ಮೇಲೆ ಕೂತು ಕತೆ ಕೇಳುತ್ತಿದ್ದರು. ಬ್ಯಾಂಕಿನಲ್ಲಿದ್ದ ಗಂಡ ಅರವಿಂದನಿಗೆ ಛತ್ರಪತಿ ಸಂಭಾಜಿನಗರಕ್ಕೆ ವರ್ಗವಾದ ಮೇಲೂ ಅವಳು ಅದನ್ನು ಬಿಡಲಿಲ್ಲ. ಲ್ಯಾಪ್‌ಟಾಪಿನ ಮೇಲೆಯೇ ಮುಂದುವರಿಸಿದಳು, ಇಲ್ಲಿಯ ಕನ್ನಡದ ಮಕ್ಕಳನ್ನೂ ಸೇರಿಸಿಕೊಂಡಳು. ಧಾರವಾಡದ ಮಾತನ್ನು ಊರೂರಿಗೆ ಹೊತ್ತು ತಿರುಗಿದವಳಿಗೆ ತನ್ನದೆಂದು ಉಳಿದದ್ದು ಅದೊಂದೇ.

"ನೆಟ್ ಸರಿ ಇಲ್ಲ, ಅಷ್ಟೇ," ಎಂದ ಅರವಿಂದ.

ಮಂದಾಕಿನಿ ಅದೇ ವೈಫೈನಲ್ಲಿ ಮೊಬೈಲಿನಿಂದ ತಂಗಿಗೆ ವಿಡಿಯೋ ಕಾಲ್ ಹಚ್ಚಿದಳು. ನೀರು ಕುಡಿದಷ್ಟು ಸಲೀಸು. "ನೆಟ್ ಛಲೋ ಅದರಿ. ತಪ್ಪು ಇದರದ," ಎಂದು ಲ್ಯಾಪ್‌ಟಾಪಿನ ಕಡೆ ಬೆರಳು ತೋರಿಸಿದಳು.

ಮರುದಿನ ರಿಪೇರಿ ಅಂಗಡಿಗೆ ಒಯ್ದರೆ, ಅಲ್ಲಿದ್ದವನು ಮುಚ್ಚಳ ತೆರೆಯುವ ಮೊದಲೇ "ಪುರಾನಾ ಹೋ ಗಯಾ ಮೇಡಂ, ನಯಾ ಲೇ ಲೋ" ಎಂದ. ಹಳೆಯದಾಗಿದೆ, ಹೊಸದು ತಗೊಳ್ಳಿ. ಮಂದಾಕಿನಿ ಅದನ್ನು ಬಗಲಿಗೆ ಸಿಕ್ಕಿಸಿಕೊಂಡು ವಾಪಸು ಬಂದಳು. ಏನು ಕೆಟ್ಟಿದೆಯೆಂದು ನೋಡದೆ ಹೊಸದು ತರುವುದೆಂದರೆ ಅವಳಿಗೆ ಸೋತ ಹಾಗೆ.

ಒಂದೊಂದಾಗಿ ನೋಡುತ್ತ ಹೋದಳು. ಲ್ಯಾಪ್‌ಟಾಪ್ ಹಚ್ಚಿದ ಕೂಡಲೇ ಕರೆಯದೇ ಎದ್ದು ಕೂರುವ ಪ್ರೋಗ್ರಾಂಗಳು ಒಂದು ಹಿಂಡೇ ಇದ್ದವು, ಬೇಡವಾದವನ್ನೆಲ್ಲ ಮಲಗಿಸಿದಳು. ಎರಡು ಆಂಟಿವೈರಸ್‌ಗಳು ಒಂದರ ಮೇಲೊಂದು ಕಾವಲು ಕೂತಿದ್ದವು. ಒಂದನ್ನು ಹೊರಗೆ ಹಾಕಿದಳು. ಈಗ ಲ್ಯಾಪ್‌ಟಾಪ್ ಬೇಗ ಏಳತೊಡಗಿತು. ಆದರೆ ಪಕ್ಕದ ಮನೆಯ ರುಚಿತಾಳನ್ನು ಆಕೆಯ ಮೊಬೈಲಿನಿಂದ ಪರೀಕ್ಷೆಗೆಂದು ಕ್ಲಾಸಿಗೆ ಸೇರಿಸಿಕೊಂಡು ನೋಡಿದರೆ, ಮೊದಲು ಚೆನ್ನಾಗಿ ನಡೆದದ್ದು ಬರಬರುತ್ತ ಮತ್ತೆ ಕುಂಟಿತು.

"ಈಗ ನಿಮ್ಮ ಬಾಯಷ್ಟೇ ಅಲ್ಲಾಡ್ಲಿಕ್ಕೆ ಹತ್ತೇದರಿ," ಎಂದಳು ರುಚಿತಾ ಗೋಡೆಯಾಚೆಯಿಂದ.

ಮೊದಲು ಚೆನ್ನಾಗಿದ್ದು ಆಮೇಲೆ ಯಾಕೆ ಕೆಡುತ್ತದೆ? ಮಂದಾಕಿನಿ ಯೋಚಿಸುತ್ತ ಲ್ಯಾಪ್‌ಟಾಪಿನ ತಳಕ್ಕೆ ಕೈ ಹಾಕಿದಳು. ಕಾದ ಹಂಚು. ಸಾಮಾನು ಸಾಗಿಸುವಾಗ ಮೇಜಿನ ಕಾಲು ಮುರಿದಿತ್ತು. ಹೀಗಾಗಿ ಇಲ್ಲಿಗೆ ಬಂದಾಗಿನಿಂದ ಅವಳು ಹಾಸಿಗೆಯ ಮೇಲೆ ಮಡಿಸಿದ ಕೌದಿಯೇರಿಸಿ, ಅದರ ಮೇಲೆ ಲ್ಯಾಪ್‌ಟಾಪ್ ಇಡುತ್ತಿದ್ದಳು. ಗಾಳಿಯಾಡುವ ಕಿಂಡಿಗಳೆಲ್ಲ ಕೌದಿಯೊಳಗೆ ಹುದುಗಿದ್ದವು. ವಿಪರೀತ ಬಿಸಿಯಾದರೆ ಇಂಥ ಯಂತ್ರ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆಂದು ಎಲ್ಲೋ ಓದಿದ್ದು ನೆನಪಾಯಿತು. ತಳಕ್ಕೆ ಹಪ್ಪಳ ಸುಡುವ ತಂತಿಯ ಜಾಲರಿ ಇಟ್ಟು ನೋಡಿದಳು. ತುಸು ಸುಧಾರಿಸಿತು, ಪೂರ್ತಿ ಅಲ್ಲ. ಕಿವಿಗೊಟ್ಟು ಕೇಳಿದರೆ ಫ್ಯಾನಿನ ಸದ್ದು ಉಬ್ಬಸ ಹತ್ತಿದವರ ಉಸಿರಿನ ಹಾಗಿತ್ತು.

ಶನಿವಾರ ಬೆಳಿಗ್ಗೆ ಬಾಲ್ಕನಿಯ ಬಿಸಿಲಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೂತಳು. ಅದೇ ಮಾದರಿಯ ಲ್ಯಾಪ್‌ಟಾಪ್ ಬಿಚ್ಚುವ ವಿಡಿಯೋ ಮೊಬೈಲಿನಲ್ಲಿ ಓಡುತ್ತಿತ್ತು.

"ಮಂದಾ, ಮತ್ತ ಕೂಡಸ್ಲಿಕ್ಕೆ ಬರ್ತದೇನು ನಿನಗ?" ಅರವಿಂದನ ದನಿಯಲ್ಲಿ ದಿಗಿಲಿತ್ತು.

"ನೀವು ಈ ಬಟ್ಟಲಾ ಹಿಡೀರಿ. ಸ್ಕ್ರೂ ಒಂದೂ ಕಳೀಬಾರದು."

ಅರವಿಂದ ಬಟ್ಟಲು ಹಿಡಿದು ಕೂತ. ಹಿಂಬದಿಯ ಮುಚ್ಚಳ ಟಕ್ಕೆಂದು ಬಿಟ್ಟುಕೊಂಡಿತು. ಮಂದಾಕಿನಿ ಮೊದಲು ಬ್ಯಾಟರಿಯ ವೈರು ಬಿಡಿಸಿ, ಆಮೇಲೆ ಫ್ಯಾನಿನ ಕಡೆ ಬಗ್ಗಿದಳು. ಧೂಳು ಮತ್ತು ಕೌದಿಯ ನೂಲೆಳೆಗಳು ಹೆಣೆದುಕೊಂಡು, ಗಾಳಿ ಹೊರಹೋಗುವ ಬಾಯಿಗೆ ಕಂಬಳಿಯ ತುಂಡಿನಂತೆ ಒತ್ತಿಕೊಂಡಿದ್ದವು.

"ಸಿಕ್ತು ನೋಡ್ರಿ," ಎಂದಳು ಮೆಲ್ಲಗೆ. ಕಳ್ಳನ ಜುಟ್ಟು ಕೈಗೆ ಬಂದಂಥ ಖುಷಿ.

ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿಟ್ಟು, ಚಿತ್ರ ಬರೆಯುವ ಮೆತ್ತನೆಯ ಕುಂಚದಿಂದ ಎಳೆ ಎಳೆಯಾಗಿ ಬಿಡಿಸಿ ತೆಗೆದಳು. ಬ್ಯಾಟರಿಯ ವೈರು ಮತ್ತೆ ಸಿಕ್ಕಿಸಿದಳು. ಬಟ್ಟಲು ಖಾಲಿಯಾಯಿತು, ಸ್ಕ್ರೂಗಳೆಲ್ಲ ತಮ್ಮ ತಮ್ಮ ಜಾಗ ಸೇರಿದವು. ಮಂದಾಕಿನಿ ಗುಂಡಿ ಒತ್ತಿದಳು. ಪರದೆ ಬೆಳಗಿತು. ಕಿಂಡಿಯಿಂದ ಗಾಳಿ ಸುಯ್ಯೆಂದು ಅವಳ ಅಂಗೈಗೆ ಬಡಿಯಿತು.

ಭಾನುವಾರ ಮಕ್ಕಳು ಒಬ್ಬೊಬ್ಬರಾಗಿ ಬಂದರು, ನಾಸಿಕ್‌ನವರು, ಸಂಭಾಜಿನಗರದವರು. ಮಂದಾಕಿನಿ ಮಾನ್ಯಾಳ ಹೆಸರು ಕರೆದಳು. ಹುಡುಗಿ ತಡವರಿಸಿದಳು, ತಾಯಿಯ ಮುಖ ನೋಡಿದಳು, ಆಮೇಲೆ ಹೊರಟಳು.

"ಕಿಲ್ಲಾದಾಗ ಒಂದು ಮಾಕಡ... ಅಲ್ಲ, ಮಂಗ್ಯಾ ಬಂತು. ನನ್ನ ಸೀತಾಫಲ ಕಸ್ಕೊಂಡು ಓಡಿಹೋತು. ಪಪ್ಪಾ ಅದರ ಹಿಂದ ಓಡಿದ್ರು. ಚಪ್ಪಲ್ ಬಿದ್ದೋತು. ಮಂಗ್ಯಾ ಚಪ್ಪಲ್ಲೂ ತಗೊಂಡ್ ಹೋತು."

ಎರಡೂ ಊರಿನ ಮಕ್ಕಳು ಒಟ್ಟಿಗೇ ನಕ್ಕರು. ಆ ನಗು ಎಲ್ಲೂ ತುಂಡಾಗದೆ ಮಂದಾಕಿನಿಯ ಕಿವಿ ತುಂಬಿತು. ಮಾನ್ಯಾಳ ನಂತರ ಇನ್ನೊಬ್ಬ, ಅವನ ನಂತರ ಮತ್ತೊಬ್ಬಳು. ಎಲ್ಲರಿಗೂ ಹೇಳಲೊಂದು ಮಂಗನ ಕತೆ ಇತ್ತು. ಲ್ಯಾಪ್‌ಟಾಪ್ ಒಮ್ಮೆಯೂ ತಡವರಿಸಲಿಲ್ಲ. ಕ್ಲಾಸು ಮುಗಿಯುವ ಹೊತ್ತು ದಾಟಿದರೂ ಯಾರೂ ಎದ್ದು ಹೋಗಲಿಲ್ಲ.

ಕೊನೆಗೆ ಪ್ರಿಯಂವದಾ ಕ್ಯಾಮೆರಾದ ಮುಂದೆ ಬಂದು ಕೂತಳು. ಈಗ ದನಿಯಲ್ಲಿ ಸಂಕೋಚ.

"ಮಂದಾಕಿನಿ ಅವ್ರೆ, ನಾವು ಇಲ್ಲೇ ಮರಾಠಿ ಸಾಲ್ಯಾಗ ಕಲ್ತವ್ರು. ಕನ್ನಡ ಮಾತಾಡಾಕ ಬರ್ತದ, ಓದಾಕ ಬರಂಗಿಲ್ರಿ. ದೊಡ್ಡವರಿಗೂ ಒಂದು ಕ್ಲಾಸ್ ಇಡ್ತೀರೇನು?"

ಮಂದಾಕಿನಿ ಗಂಡನ ಕಡೆ ನೋಡಿದಳು. ಅರವಿಂದ ಬಾಗಿಲಿಗೊರಗಿ ನಿಂತು ನಗುತ್ತಿದ್ದ.

"ಇಡೋಣರಿ," ಎಂದಳು ಅವಳು. "ಪಾಟಿ ಬಳಪಾ ತಗೊಂಡು ಬರ್ರಿ. ಅ ಆ ಇಂದನೇ ಹಿಡಿಯೋಣ."