ಸಾಹುಕಾರನ ಹೊಟ್ಟೆ

ಹಾಲಿನ ಪಾತ್ರೆಯ ತಳ ಸೀದದ್ದು ಉಜ್ಜಿದಷ್ಟೂ ಬಿಡುತ್ತಿಲ್ಲ, ನೆನೆಯಲಿ, ಇನ್ನೊಂದು ಗಳಿಗೆ ನೆನೆಯಲಿ, ಆತುರವೇನು — ಜಗದಾಂಬಮ್ಮ ನಾರು ಹಿಡಿದ ಕೈಯನ್ನು ನೀರಲ್ಲೇ ಬಿಟ್ಟು ತಲೆ ಎತ್ತಿದಳು, ಇಲ್ಲಿಂದಲೇ ನಡುಮನೆಯ ಮೀನಿನ ಗಾಜಿನ ತೊಟ್ಟಿ ಕಾಣುತ್ತದೆ, ತೊಟ್ಟಿಯ ಮೂಲೆಯಲ್ಲಿ ಸಾಹುಕಾರ ಮಗ್ಗುಲಾಗಿ ತೇಲುತ್ತಿದ್ದಾನೆ, ಒಂದು ಕಣ್ಣು ನೀರೊಳಗೆ, ಒಂದು ಕಣ್ಣು ಮೇಲೆ, ಕಿವಿರು ಏಳುತ್ತದೆ, ಬೀಳುತ್ತದೆ, ಮತ್ತೆ ಏಳುವುದಕ್ಕೆ ಎಷ್ಟು ಹೊತ್ತು. ಮೊನ್ನೆಗಿಂತ ಹೆಚ್ಚು ಹೊತ್ತು. ಮೈಮೇಲಿನ ಹುರುಪೆಗಳೆಲ್ಲ ಅನಾನಸ್ಸಿನ ಸಿಪ್ಪೆಯ ಹಾಗೆ ನಿಗುರಿ ನಿಂತಿವೆ, ಹೊಟ್ಟೆ ಒಡೆಯುವಷ್ಟು ಉಬ್ಬಿದೆ, ಇದೇ ಹೊಟ್ಟೆ ನೋಡಿ ತಾನು ನಕ್ಕಿದ್ದು, ಸಾಹುಕಾರನಿಗಲ್ಲದೆ ಇನ್ಯಾರಿಗೆ ಬರಬೇಕು ಹೊಟ್ಟೆ ಅಂದಿದ್ದು. ಹೆಸರಿಟ್ಟವಳು ಇಂಪನಾ, ಮಗನ ಮಗಳು, ಹೊಸನಗರದ ಕಡೆಯ ಹಾಸ್ಟೆಲ್ ಶಾಲೆಯಲ್ಲಿ ಆರನೇ ಕ್ಲಾಸು, ಹೊರಡುವ ದಿನ ಬ್ಯಾಗು ಹೆಗಲಿಗೇರಿಸಿಕೊಂಡು ಅಜ್ಜೀ, ಅಪ್ಪ ಅಮ್ಮ ಮರೀತಾರೆ, ನೀನೇ ನೋಡ್ಕೋಬೇಕು ಅಂದಳು. ಮೀನು ಅಂದರೆ ಮೂಗು ಮುಚ್ಚಿಕೊಳ್ಳುವ ಮನೆ ಇದು, ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ಮೀನು ಸಾಕುವುದಾ ಎಂದು ಮೊದಲು ಮುಖ ತಿರುಗಿಸಿದವಳೇ ತಾನು, ಆಮೇಲೆ ಯಾವಾಗ ರೂಢಿಯಾಯಿತೋ, ಬೆಳಿಗ್ಗೆ ಎದ್ದು ಮೊದಲು ನೋಡುವುದೇ ಅವನ ಮುಖ. ಸೋಮವಾರ ಸೋಮವಾರ ಹೊಳೆ ದಂಡೆಗೆ ಹೋಗಿ ದೇವರ ಮೀನುಗಳಿಗೆ ಮಂಡಕ್ಕಿ ಎರಚುವುದು ಚಿಕ್ಕಂದಿನಿಂದ ಬಂದದ್ದು, ಈಗ ಮಂಡಿ ನೋವು, ಮೆಟ್ಟಿಲು ಇಳಿಯಲಾಗದು, ಮನೆಯಲ್ಲೇ ಒಬ್ಬ ಇದ್ದಾನಲ್ಲ, ಅಂಗಡಿಯ ಕೆಂಪು ಕಾಳು ದಿನಕ್ಕೆ ಎರಡೇ ಎರಡು ಹಾಕು ಅಂದಿದ್ದಳು ಹುಡುಗಿ, ಎರಡು ಕಾಳು ಯಾವ ಮೂಲೆಗೆ ಸಾಕು, ಸೋಮವಾರಕ್ಕೊಂದು ಹಿಡಿ ಮಂಡಕ್ಕಿ, ಆಮೇಲೆ ಗುರುವಾರಕ್ಕೂ ಒಂದು ಹಿಡಿ. ತಿಂದ. ಬಾಯಿ ಬಿಟ್ಟುಕೊಂಡು ಬಂದು ಬಂದು ತಿಂದ.

ನಿನ್ನೆ ಭದ್ರಾವತಿ ಬಸ್ಸು ಹತ್ತಿದ್ದು ಯಾರಿಗೂ ಹೇಳದೆ, ಇವನನ್ನು ಕೊಂಡು ತಂದ ಅಂಗಡಿ ಓಲ್ಡ್ ಟೌನಿನಲ್ಲಿ, ಮಲ್ಲಿಕ್ ಅಂತ, ಗಿರಾಕಿಗಳಿಗಿಂತ ಮೀನುಗಳ ಜೊತೆ ಹೆಚ್ಚು ಮಾತಾಡುವ ಆಸಾಮಿ, ಫೋನಿನಲ್ಲಿ ತೆಗೆದ ಫೋಟೋ ತೋರಿಸಿದಳು, ನೋಡಿದವನು ಫೋನನ್ನು ಮೆಲ್ಲಗೆ ವಾಪಸು ಕೊಟ್ಟ, ಅಜ್ಜಿ, ಸುಳ್ಳು ಹೇಳಲ್ಲ ನಿಮಗೆ, ಹುರುಪೆ ಎದ್ದ ಮೇಲೆ ಮುಗೀತು, ಉಪ್ಪು ಗಿಪ್ಪು ಎಂಥದೂ ನಡೆಯಲ್ಲ, ತಿನ್ನಕ್ಕೆ ಏನ್ ಹಾಕ್ತಿದ್ರಿ? ಮಂಡಕ್ಕಿ. ಮಂಡಕ್ಕಿನಾ! ಖಾರ ಕಲಸಿನಾ ಬರೀದಾ ಎಂದು ನಕ್ಕವನು ತಕ್ಷಣ ನಾಲಿಗೆ ಕಚ್ಚಿಕೊಂಡ, ಹೊಳೆ ಮೀನು ಎಲ್ಲೆಲ್ಲೋ ಈಜಿ ಅರಗಿಸ್ಕೊಳ್ತಾವೆ ಅಜ್ಜಿ, ಇದು ಪಾಪ ಎಲ್ಲಿಗೆ ಹೋಗುತ್ತೆ. ಹಾಗಾದ್ರೆ ಸುಮ್ಮನೆ ನೋಡ್ತಾ ಕೂರೋದಾ ಅಂದಳು. ಅವನು ಧ್ವನಿ ತಗ್ಗಿಸಿ, ಮನೇಲಿ ಲವಂಗದ ಎಣ್ಣೆ ಇದೆಯಾ, ಹಲ್ಲುನೋವಿಗೆ ಇಟ್ಕೊಳ್ತೀರಲ್ಲ, ಅದೇ, ಉಗುರುಬೆಚ್ಚಗಿನ ನೀರಲ್ಲಿ ಕುಲುಕಿ ಮೊದಲು ನಾಕು ಹನಿ, ನಿದ್ದೆ ಬರುತ್ತೆ, ಪೂರಾ ನಿದ್ದೆ ಬಂದ ಮೇಲೆ ಜಾಸ್ತಿ ಹಾಕಿ, ಕಿವಿರು ನಿಂತರೂ ಎತ್ತಬೇಡಿ, ಇನ್ನೂ ಅರ್ಧ ಗಂಟೆ ಬಿಡಿ, ಅವಸರ ಮಾಡಿದ್ರೆ ಎಚ್ಚರ ಆಗಿಬಿಡುತ್ತೆ. ಸೊಸೆ ಪ್ರಿಯದರ್ಶಿನಿ ತುಂಗೆಗೆ ಬಿಟ್ಟು ಬರೋಣ ಅತ್ತೆ, ಪಾಪ ನಮ್ಮ ಕೈಗೆ ಯಾಕೆ ಅಂದಿದ್ದಳು, ಬಿಟ್ಟರೆ ಇವನ ರೋಗ ಅಲ್ಲಿನ ಮೀನುಗಳಿಗೆ, ಇವನನ್ನು ಕಾಗೆ ಜೀವಂತ ಕುಕ್ಕುವುದು, ಪಾಪ ಕಣ್ಣಿಗೆ ಕಾಣದ ಕಡೆ ಆಗುತ್ತೆ ಅಷ್ಟೇ ತಾನೆ. ಮಗ ವಿಜಯಕುಮಾರ್ ಫೋನಿನಿಂದ ಕಣ್ಣು ತೆಗೆಯದೆ, ಫ್ರೀಜರಿಗೆ ಹಾಕಿಬಿಡಮ್ಮ, ಅದೇ ಬಣ್ಣದ್ದು ಇನ್ನೊಂದು ತಂದು ಬಿಟ್ರಾಯ್ತು, ಇಂಪನಾಗೆ ಎಲ್ಲಿ ಗೊತ್ತಾಗುತ್ತೆ, ಇದಕ್ಕೇನು ಆಧಾರ್ ಕಾರ್ಡ್ ಇದೆಯಾ. ಚಳಿಯಲ್ಲಿ ಇಷ್ಟಿಷ್ಟೇ ಸೆಟೆದು ಸಾಯಲಿ ಅಂತಲಾ. ನಿಂಗೆ ಟೈಫಾಯ್ಡ್ ಬಂದಾಗ ನಾನೇನು ಇನ್ನೊಬ್ಬ ಮಗನ್ನ ತಂದಿದ್ನೇನೋ ಅಂದಳು. ಶುರುವಾಯ್ತು ನಿನ್ನ ವಕಾಲತ್ತು ಎಂದು ಎದ್ದು ಹೋದ. ಎದ್ದು ಹೋಗುವುದು ಸುಲಭ, ದೇವರ ಕೋಣೆಯ ಕ್ಯಾಲೆಂಡರಿನ ಹಿಂದೆ ಹದಿನೆಂಟು ದಿನದಿಂದ ಇನ್‌ಲ್ಯಾಂಡ್ ಲೆಟರ್ ಕೂತಿದೆ, ಹಾಸ್ಟೆಲಿನಲ್ಲಿ ಫೋನು ತಿಂಗಳಿಗೊಮ್ಮೆ, ಅದೂ ಅಪ್ಪ ಅಮ್ಮನಿಗೆ, ಅಜ್ಜಿಗೇನಿದ್ದರೂ ಕಾಗದ, ಮುದ್ದಿನ ಇಂಪನಾಳಿಗೆ ಅಜ್ಜಿಯ ಆಶೀರ್ವಾದ, ನಾನು ಕ್ಷೇಮ, ಸಾಹುಕಾರನೂ — ಅಲ್ಲಿಗೆ ಪೆನ್ನು ನಿಂತದ್ದು, ಕ್ಷೇಮ ಅಂತ ಬರೆದರೆ ಸುಳ್ಳು, ಕಾಯಿಲೆ ಅಂತ ಬರೆದರೆ ಯಾಕೆ ಬಂತು ಅನ್ನುತ್ತಾಳೆ, ಯಾಕೆ ಅಂದರೆ ಅಜ್ಜಿಯಿಂದ, ಆಗ ಅನುಮಾನ, ನಿನ್ನೆಯಿಂದ ಖಾತ್ರಿ, ನಂಬಿ ಕೊಟ್ಟು ಹೋದ ಅಜ್ಜಿಯಿಂದ.

ಇವತ್ತೇ. ಮನೆಯಲ್ಲಿ ಯಾರೂ ಇಲ್ಲ, ಇಬ್ಬರೂ ಕೆಲಸಕ್ಕೆ ಹೋಗಿದ್ದಾರೆ. ಅಡುಗೆ ಪಾತ್ರೆ ಬೇಡ, ಬಚ್ಚಲಿನ ಪ್ಲಾಸ್ಟಿಕ್ ಬೋಗುಣಿ ಸಾಕು, ತೊಟ್ಟಿಯದೇ ನೀರು, ಅವನಿಗೆ ಗೊತ್ತಿರುವ ನೀರು, ಅಂಗೈ ಹಿಡಿದರೆ ತಾನಾಗಿ ಬಂದು ಕೂತ, ಓಡುವ ಶಕ್ತಿ ಎಲ್ಲಿದೆ, ಏನು ಭಾರ, ಒಂದು ನಿಂಬೆಹಣ್ಣಿನಷ್ಟು ಜೀವ. ಬಾಟಲಿಯಲ್ಲಿ ಎಣ್ಣೆಯೂ ನೀರೂ ಕುಲುಕಿ ಕುಲುಕಿ ಬೆಳ್ಳಗಾಯಿತು, ಘಮ್ ಅಂತ ಮನೆಯೆಲ್ಲ ಲವಂಗ, ಹಬ್ಬದ ದಿನದ ಪಾಯಸದ ಹಾಗೆ, ಛೇ. ಒಂದು, ಎರಡು, ಮೂರು, ನಾಲ್ಕು. ಸಾಹುಕಾರ ಒಮ್ಮೆ ಹೊರಳಿದ, ಬಾಲ ಅಲುಗಿತು, ನಿಲ್ಲಿಸಲಾ — ಇಲ್ಲ, ಭದ್ರಾವತಿಯ ಕಾರ್ಖಾನೆಯಲ್ಲಿ ಮನೆಯವರು, ಓಂಕಾರಪ್ಪನವರು, ಇಪ್ಪತ್ತೆಂಟು ವರ್ಷ ಕಾದ ಕಬ್ಬಿಣ ಅಚ್ಚಿಗೆ ಸುರಿದವರು, ಸುರಿಯೋಕೆ ಮುಂಚೆ ಎಷ್ಟು ಬೇಕಾದರೂ ಯೋಚನೆ ಮಾಡು ಕಣೇ, ಬಗ್ಗಿಸಿದ ಮೇಲೆ ನಿಲ್ಲಿಸಬಾರದು, ಅಚ್ಚಿಗೆ ಬಿದ್ದದ್ದೂ ಕೆಡುತ್ತೆ ಉಳಿದದ್ದೂ ಕೆಡುತ್ತೆ, ಊಟಕ್ಕೆ ಕೂತಾಗೆಲ್ಲ ಇದೇ ಮಾತು, ಆಗ ಬೇಜಾರು ಬರುತ್ತಿತ್ತು. ಯೋಚನೆ ಹದಿನೆಂಟು ದಿನ ಮಾಡಿಯಾಗಿದೆ. ಬೆರಳಿನಿಂದ ಮುಟ್ಟಿದಳು, ಅಲುಗಲಿಲ್ಲ, ಉಳಿದದ್ದನ್ನು ಸುರಿದಳು, ಒಂದೇ ಸಲ, ಚೆಲ್ಲದೆ. ನನ್ನದೇ ತಪ್ಪು ಕಣೋ ಅಂದಳು, ಅವನಿಗೆ ಕೇಳಿಸಲಿ ಬಿಡಲಿ. ಕಿವಿರು ಎದ್ದಿತು. ಬಿದ್ದಿತು. ಎದ್ದಿತು. ಗಡಿಯಾರದಲ್ಲಿ ಎರಡೂ ಹತ್ತು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು, ಅಕ್ಕಾ ಮೆಂತ್ಯ, ಅಕ್ಕಾ ಸಬ್ಬಸಿಗೆ, ಎದ್ದು ಹೋಗಲಿಲ್ಲ, ಕಿವಿರು ಏಳಲಿಲ್ಲ. ಅರ್ಧ ಗಂಟೆ ಅಂದಿದ್ದಾನೆ. ಮುಕ್ಕಾಲು ಗಂಟೆ ಕೂತಳು.

ಹಿತ್ತಲಿನ ಮಲ್ಲಿಗೆ ಕುಂಡದಲ್ಲಿ ಮಣ್ಣು ಮೆತ್ತಗಿದೆ, ಸತ್ತವರನ್ನು ಕೂರಿಸಿ ಮಣ್ಣು ಮಾಡುವ ಮನೆತನ, ಮೀನನ್ನು ಹೇಗೆ ಕೂರಿಸುವುದು, ನಗು ಬಂತು, ಮಲಗಿಸಿ ಒಂದು ಚಿಟಿಕೆ ವಿಭೂತಿ ಹಾಕಿದಳು, ಆಮೇಲೆ ಮೂಗು ಕಟ್ಟಿತು, ಸೆರಗಿನಿಂದ ಒರೆಸಿಕೊಂಡಳು, ಕೈಯನ್ನು ಸೋಪು ಹಚ್ಚಿ ತೊಳೆದಳು, ಕಾಗದ ಕೆಳಗಿಳಿಸಿದಳು. ಸಾಹುಕಾರನೂ ಎಂಬುದನ್ನು ಹೊಡೆದು ಹಾಕಿ ಕೆಳಗಿನ ಸಾಲಿನಿಂದ ಬರೆದಳು, ಅಕ್ಷರ ದೊಡ್ಡದಾಗಿ, ಒಂದಕ್ಕೊಂದು ತಾಗದ ಹಾಗೆ — ಸಾಹುಕಾರ ಇವತ್ತು ಮಧ್ಯಾಹ್ನ ಹೋದ. ತಾನಾಗಿ ಹೋಗಲಿಲ್ಲ, ನಾನೇ ನಿದ್ದೆ ಬರಿಸಿ ಕಳಿಸಿದೆ, ತುಂಬಾ ನರಳುತ್ತಿದ್ದ. ಕಾಯಿಲೆ ಬಂದದ್ದು ನಾನು ಹಾಕಿದ ಮಂಡಕ್ಕಿಯಿಂದ. ನೀನು ಎರಡು ಕಾಳು ಅಂದಿದ್ದೆ. ಬೇರೆ ಮೀನು ತಂದಿಲ್ಲ, ತರಲು ಬಿಡುವುದೂ ಇಲ್ಲ, ನೀನು ರಜಕ್ಕೆ ಬಂದ ಮೇಲೆ ಹೇಳು, ಬೇಕೋ ಬೇಡವೋ, ತಂದರೆ ನನ್ನ ಕೈಗೆ ಕೊಡುತ್ತೀಯೋ ಇಲ್ಲವೋ. ಅಂಟು ಹಚ್ಚಿ ಒತ್ತಿದಳು, ಚಪ್ಪಲಿ ಮೆಟ್ಟಿದಳು, ದುರ್ಗಿಗುಡಿಯ ಬಿಸಿಲು ಇನ್ನೂ ಇಳಿದಿಲ್ಲ, ಜೆರಾಕ್ಸ್ ಅಂಗಡಿ, ಟೈಲರ್, ಎದುರಿಗೆ ಬಂದ ವಸಂತಮ್ಮ ಏನ್ ಮಾರಾಯ್ತಿ ಈ ಬಿಸಿಲಲ್ಲಿ ಎಲ್ಲಿಗೆ ಸವಾರಿ, ಒಂದು ಕಾಗದ ಹಾಕೋದಿತ್ತು, ಈ ಕಾಲದಲ್ಲಿ ಯಾರು ಕಾಗದ ಬರೀತಾರೆ, ನಾನು ಬರೀತೀನಿ. ಅಂಚೆ ಪೇದೆ ಬಾಗಿಲಲ್ಲೇ ನಿಂತಿದ್ದ, ಬೇಗ ಹಾಕಿ ಅಜ್ಜಿ, ಈಗ ಡಬ್ಬಿ ತೆಗೀತೀವಿ. ಕೈ ಡಬ್ಬಿಯ ಬಾಯಿಯೊಳಗಿದೆ, ಕಬ್ಬಿಣ ಕಾದಿದೆ, ಬುಧವಾರ ತಲುಪುತ್ತದೆ, ಇಲ್ಲ ಗುರುವಾರ, ಊಟದ ಹೊತ್ತಿಗೆ ಕೊಡುತ್ತಾರೆ, ಹುಡುಗಿ ಮಂಚದ ಮೇಲೆ ಕಾಲು ಮಡಿಚಿ ಕೂತು ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಾಳೆ, ನಾನು ಕ್ಷೇಮ, ಹೋದ, ಕಳಿಸಿದೆ, ಬೆರಳು ಸರಿಯುತ್ತದೆ, ನರಳುತ್ತಿದ್ದ, ಮಂಡಕ್ಕಿಯಿಂದ, ಅಲ್ಲಿ ಬೆರಳು ನಿಲ್ಲುತ್ತದೆ, ಮುಂದೆ ಸರಿಯುವುದಿಲ್ಲ, ಆ ಪುಟ್ಟ ಬೆರಳು, ಇಂಕು ಮೆತ್ತಿದ ಉಗುರು, ನಿಂತಲ್ಲೇ ನಿಂತಿದೆ — ಕಾಗದ ಬಿಟ್ಟಳು. ಒಳಗೆ ಬಿದ್ದದ್ದು ಕೇಳಿಸಿತು. ಬೆರಳು ನಿಂತೇ ಇದೆ.