ತರಿ

ಸೋಪಿನ ನೊರೆ ನೆಲದ ಮೇಲೆ ಒಂದೊಂದೇ ಗುಳ್ಳೆಯಾಗಿ ಒಡೆಯುತ್ತಿದೆ, ಒರೆಸಲೆಂದು ನಾನೇ ಸುರಿದದ್ದು, ಬಚ್ಚಲ ಬಾಗಿಲೆದುರಿನ ರಬ್ಬರ್ ಚಾಪೆ ಎತ್ತಿದವಳು ಹಾಗೇ ಹಿಡಿದು ನಿಂತಿದ್ದೇನೆ, ಅಡಿಯೆಲ್ಲ ತರಿ — ಒಳಗೆ ನನ್ನ ಗಂಡ ಶಿಳ್ಳೆ ಹಾಕುತ್ತ ಸ್ನಾನ ಮಾಡುತ್ತಿದ್ದಾನೆ, ನಾಳೆ ಹೆಂಡತಿಯನ್ನು ಆಪರೇಷನ್‌ಗೆ ಮಲಗಿಸುವವನಿಗೆ ಎಂಥ ಶಿಳ್ಳೆ! ಈ ನೆಲವೂ ಅವನದೇ ಆಯ್ಕೆ, ಟೈಲ್ಸ್ ಅಂಗಡಿಯವನಲ್ಲವೇ, ಮುಖ ಕಾಣುವಷ್ಟು ನುಣುಪು, ಬೆರಳಾಡಿಸಿ ಹೇಳಿದ್ದ, ನೋಡು, ಹೆಂಗಸು ಅಂದ್ರೆ ಹಿಂಗಿರ್ಬೇಕು, ನಿಂದೇನೇ ಅದು ಸುಕ್ಕುಸುಕ್ಕು, ಮರಳು ಮೆತ್ಕೊಂಡ ಹಾಗೆ ತರಿತರಿ, ಯಾವ ಕಾಯ್ಲೆನೋ ಏನೋ — ಅಂದಿನಿಂದ ದೀಪ ಆರಿಸಿಯೇ ಮಲಗಿದೆ, ನನ್ನದೇ ಯೋನಿಯ ತುಟಿಗಳನ್ನು ಮುಟ್ಟಲು ನಾನೇ ಹೇಸಿದೆ, ಉಜ್ಜಿ ಉಜ್ಜಿ ರಕ್ತ ಬರಿಸಿಕೊಂಡೆ, ಸಾಲದ್ದಕ್ಕೆ ಅವನು ತನ್ನ ಅಕ್ಕನ ಕಿವಿಗೂ ಹಾಕಿದ, ಆಕೆ ಫೋನಿನಲ್ಲಿ, ಸರಿ ಮಾಡಿಸ್ಕೊಂಡ್ಬಿಡಮ್ಮ, ಸಂಸಾರ ಉಳಿಯುತ್ತೆ. ಉಳಿಯುತ್ತಂತೆ! ತರಿ ಇದೆಯೆಂದು ತರಿದು ಹಾಕುವುದಂತೆ!

ಇವತ್ತು ಒಬ್ಬಳೇ ಹೋದೆ, ಅವನು ಗೊತ್ತುಮಾಡಿದ ಆಸ್ಪತ್ರೆ ಬಿಟ್ಟು ಬೇರೆ ಡಾಕ್ಟರಮ್ಮನ ಹತ್ತಿರ, ಆಕೆ ದೀಪ ಹತ್ತಿರಕ್ಕೆಳೆದು ನೋಡಿ, ಗ್ಲೌಸು ಕಳಚುತ್ತ, ಯಾರಮ್ಮ ಹೇಳಿದ್ದು ಕಾಯ್ಲೆ ಅಂತ? ಮುಖ ಒಬ್ಬೊಬ್ರದು ಒಂದೊಂದು ಥರ ಇರಲ್ವಾ, ಹಾಗೇ ಇದೂ, ಕೆಲವರಿಗೆ ನುಣುಪು, ಕೆಲವರಿಗೆ ಸುಕ್ಕು, ಕೆಲವರಿಗೆ ಸಣ್ಣ ತರಿ, ಎಲ್ಲಾ ಸಹಜ, ಇದಕ್ಕೆಲ್ಲ ಕತ್ತರಿ ಹಾಕಿಸ್ಬೇಡಿ — ನಾನು ಅಳಲಿಲ್ಲ, ಸಿಟ್ಟಿಗೆ ಹಲ್ಲು ಕಟಕಟ ಅಂದವು. ಅವನದೇನು ಪಾಲಿಶ್ ಹೊಡೆದ ಕಲ್ಲೇ? ಒಣದ್ರಾಕ್ಷಿಯಷ್ಟು ಸುಕ್ಕು, ನಾನು ಯಾರ ಕಿವಿಗಾದರೂ ಹಾಕಿದೆನೇ? ಕುಣಿಯಲಾರದವನಿಗೆ ನೆಲ ಡೊಂಕು. ಗಿರಾಕಿಗಳಿಗೆ ಮಾತ್ರ ಬುದ್ಧಿ ಹೇಳುತ್ತಾನೆ, ನೀರು ಬೀಳೋ ಕಡೆ ನುಣುಪು ಬೇಡ ಸಾರ್, ತರಿ ಇದ್ರೇನೇ ಕಾಲು ನಿಲ್ಲೋದು — ಹೌದೇ? ನೊರೆ ಇನ್ನೂ ಆರಿಲ್ಲ, ನೆಲ ಫಳಫಳ ಅನ್ನುತ್ತಿದೆ, ನಲ್ಲಿ ನಿಂತಿತು. ಲೇ, ಟವೆಲ್ ಕೊಡೇ, ನಾಳೆ ಬೆಳಿಗ್ಗೆ ಬೇಗ ಹೊರಡ್ಬೇಕು, ಏನೂ ತಿನ್ಬೇಡ ಮತ್ತೆ. ಕೊಡಬಹುದು, ಚಾಪೆ ಹಾಸಬಹುದು, ನಾನು ಬರಲ್ಲ ಅನ್ನಬಹುದು, ಅಂದೇ ಅನ್ನುತ್ತೇನೆ, ಆದರೆ ಅದನ್ನು ಅವನು ಈ ನೆಲದ ಮೇಲೆ ಅಂಗಾತ ಬಿದ್ದುಕೊಂಡು ಕೇಳಲಿ — ಇಲ್ಲೇ ಇದೆ, ಬಂದು ತಗೊಳ್ರೀ. ಚಿಲಕ ಸರಿಯುತ್ತದೆ. ಚಾಪೆಯ ತರಿ ನನ್ನ ಅಂಗೈ ತುಂಬ. ಹೊಸ್ತಿಲ ಮೇಲೆ ಒದ್ದೆ ಬರಿಗಾಲು. ನೊರೆ. ನುಣುಪು.